ಜ್ವರ ಬಂದ ಹಸುವಿನ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಾಗ



ಡೆಂಗ್ಯೂ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್’ ಎಂಬ ಮಾತು ಇಂದು ಹಳ್ಳಿಹಳ್ಳಿಗೂ ಪರಿಚಿತವಾಗಿದೆ. ಮನೆಯಲ್ಲಿ ಯಾರಾದರೂ ಜ್ವರದಿಂದ ಆಸ್ಪತ್ರೆ ಸೇರಿದರೆ, ನೋಡಲು ಬಂದ ನೆಂಟರು ಮೊದಲು ಕೇಳುವುದೇ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು. ಆದರೆ ಕೊಟ್ಟಿಗೆಯಲ್ಲಿರುವ ಹಸುವಿಗೂ ಇದೇ ಪ್ಲೇಟ್‌ಲೆಟ್ ಉಂಟು, ತೀವ್ರ ಜ್ವರದಲ್ಲಿ ಅದರ ರಕ್ತದಲ್ಲಿಯೂ ಇದು ಇಳಿಯುತ್ತದೆ, ಇಳಿದಾಗ ಹಸುವಿನ ಮೈಮೇಲೆ ಅದರ ಗುರುತು ಕಾಣುತ್ತದೆ ಎಂಬುದು ಅನೇಕ ಸದಸ್ಯರಿಗೆ ತಿಳಿದಿಲ್ಲ. ಆ ಗುರುತನ್ನು ಸಕಾಲದಲ್ಲಿ ಕಂಡವರ ಹಸು ಸಾಮಾನ್ಯವಾಗಿ ಬದುಕುತ್ತದೆ. ಕಾಣದೆ ನಾಲ್ಕು ದಿನ ಬರೀ ಜ್ವರದ ಇಂಜೆಕ್ಷನ್ ಹಾಕಿಸಿದವರು ಬ್ಯಾಂಕಿನ ಸಾಲ ತೀರುವ ಮೊದಲೇ ಹಸುವನ್ನು ಕಳೆದುಕೊಳ್ಳುವ ಸಂಭವ ಹೆಚ್ಚು.

ಮಿಶ್ರತಳಿ ಹಸುಗಳನ್ನು ಬಹುವಾಗಿ ಕಾಡುವ ಉಣ್ಣೆ ಜ್ವರ, ಅಂದರೆ ಥೈಲೇರಿಯಾಸಿಸ್ ರೋಗವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪ್ಲೇಟ್‌ಲೆಟ್ ಎಂದರೇನು?

ರಕ್ತದಲ್ಲಿ ಮೂರು ಬಗೆಯ ಕಣಗಳಿವೆ. ಕೆಂಪು ಕಣಗಳು ಪ್ರಾಣವಾಯುವನ್ನು ಹೊರುತ್ತವೆ. ಬಿಳಿ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಮೂರನೆಯವು ಎಲ್ಲಕ್ಕಿಂತ ಚಿಕ್ಕವು. ಬಿಲ್ಲೆಯ ಆಕಾರದಲ್ಲಿರುವುದರಿಂದ ಇವನ್ನು ಕನ್ನಡದಲ್ಲಿ ಕಿರುಬಿಲ್ಲೆಗಳೆಂದೂ ಕರೆಯುವುದುಂಟು. ಇವೇ ಪ್ಲೇಟ್‌ಲೆಟ್‌ಗಳು.

ಇವು ಮೂಳೆಯೊಳಗಿನ ಮಜ್ಜೆಯಲ್ಲಿ ತಯಾರಾಗಿ ರಕ್ತಕ್ಕೆ ಬರುತ್ತವೆ. ಸುಮಾರು ಒಂದು ವಾರದಿಂದ ಹತ್ತು ದಿನ ರಕ್ತದಲ್ಲಿದ್ದು ಸವೆದುಹೋಗುತ್ತವೆ. ರಕ್ತನಾಳದಲ್ಲಿ ಎಲ್ಲಿಯಾದರೂ ಸಣ್ಣ ಬಿರುಕು ಬಿಟ್ಟರೆ ಅಲ್ಲಿಗೆ ಮೊದಲು ಹೋಗಿ ಅಂಟಿಕೊಂಡು ಬಿರುಕು ಮುಚ್ಚುವುದು ಇವುಗಳ ಕೆಲಸ. ಮುಳ್ಳು ಗೀರಿದಾಗ, ಉಣ್ಣೆ ಕಚ್ಚಿದಾಗ, ಸೂಜಿ ಚುಚ್ಚಿದಾಗ ರಕ್ತ ತಾನಾಗಿ ನಿಲ್ಲುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ಆರೋಗ್ಯವಂತ ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್ ಇರುತ್ತವೆ. ಹಸುವಿನಲ್ಲಿ ಈ ಅಂತರ ಇನ್ನೂ ಹೆಚ್ಚು: ಒಂದು ಲಕ್ಷದಿಂದ ಎಂಟು ಲಕ್ಷದವರೆಗೂ ಇರಬಹುದು. ಸಂಖ್ಯೆ ಸ್ವಲ್ಪ ಇಳಿದರೆ ಹೊರಗೆ ಏನೂ ಕಾಣುವುದಿಲ್ಲ. ಸುಮಾರು 50,000ಕ್ಕಿಂತ ಕೆಳಗೆ ಬಂದರೆ ಸಣ್ಣ ಗಾಯದಿಂದಲೂ ರಕ್ತ ಹೆಚ್ಚು ಹೊತ್ತು ಜಿನುಗುವ ಸಂಭವವಿದೆ. ಅದಕ್ಕೂ ಬಹಳ ಕೆಳಗಿಳಿದರೆ ಗಾಯವೇ ಇಲ್ಲದೆ ಚರ್ಮದಡಿ, ಕರುಳಿನೊಳಗೆ, ಮೂಗಿನಲ್ಲಿ ರಕ್ತ ಒಸರತೊಡಗುತ್ತದೆ.

ಜ್ವರದಲ್ಲಿ ಇದು ಏಕೆ ಇಳಿಯುತ್ತದೆ?

ನಮ್ಮ ಸಂಘದ ಹಾಲಿನ ಲೆಕ್ಕದಿಂದಲೇ ಇದನ್ನು ತಿಳಿಯಬಹುದು. ಡೇರಿಗೆ ಹೋಗುವ ಹಾಲು ಒಮ್ಮೆಲೇ ಕಡಿಮೆಯಾದರೆ ಕಾರಣ ಮೂರರಲ್ಲಿ ಒಂದಿರಬೇಕು: ಹಸುಗಳು ಕೊಡುವ ಹಾಲೇ ಕಡಿಮೆಯಾಗಿರಬೇಕು, ದಾರಿಯಲ್ಲಿ ಖರ್ಚಾಗಿರಬೇಕು, ಇಲ್ಲವೆ ಒಡೆದ ಹಾಲೆಂದು ತಿರಸ್ಕರಿಸಿರಬೇಕು. ಪ್ಲೇಟ್‌ಲೆಟ್ ವಿಷಯವೂ ಹೀಗೆಯೇ.

1. ತಯಾರಿಕೆ ಕುಗ್ಗುವುದು: ತೀವ್ರ ಸೋಂಕಿನಲ್ಲಿ ಮೂಳೆಯ ಮಜ್ಜೆಯ ಕೆಲಸ ಮಂದವಾಗುತ್ತದೆ. ಹೊಸ ಪ್ಲೇಟ್‌ಲೆಟ್ ಬೇಕಾದಷ್ಟು ಹುಟ್ಟುವುದಿಲ್ಲ.

2. ಖರ್ಚು ಹೆಚ್ಚುವುದು: ರೋಗಾಣುಗಳಿಂದಲೂ ಸೋಂಕಿನ ಉರಿಯೂತದಿಂದಲೂ ಸಣ್ಣ ರಕ್ತನಾಳಗಳ ಒಳಗೋಡೆ ಹಾಳಾಗುತ್ತದೆ. ಸಾವಿರಾರು ಕಡೆ ಬಿರುಕು ಮುಚ್ಚಲು ಹೋಗಿ ಇರುವ ಪ್ಲೇಟ್‌ಲೆಟ್‌ಗಳೆಲ್ಲ ಅಲ್ಲಲ್ಲೇ ಖರ್ಚಾಗಿಬಿಡುತ್ತವೆ.

3. ನಾಶವಾಗುವುದು: ರೋಗದೊಡನೆ ಹೋರಾಡಲು ದೇಹ ತಯಾರಿಸಿದ ವಸ್ತುಗಳೇ ಕೆಲವೊಮ್ಮೆ ಪ್ಲೇಟ್‌ಲೆಟ್‌ಗಳಿಗೂ ಅಂಟಿಕೊಳ್ಳುತ್ತವೆ. ಅಂಥವನ್ನು ಗುಲ್ಮವು ಹಾಳಾದ ಮಾಲೆಂದು ತಿಳಿದು ರಕ್ತದಿಂದ ತೆಗೆದುಹಾಕುತ್ತದೆ.

ಹಾಲು ಕಡಿಮೆಯಾದರೆ ಹೊರಗಿನ ಹಾಲು ತಂದು ಕ್ಯಾನ್ ತುಂಬಿಸಿದ ಮಾತ್ರಕ್ಕೆ ಸಂಘ ಉದ್ಧಾರವಾಗದು. ಕಡಿಮೆಯಾದ ಕಾರಣವನ್ನು ಸರಿಪಡಿಸಬೇಕು. ಅದೇ ರೀತಿ ಪ್ಲೇಟ್‌ಲೆಟ್ ಇಳಿದಿರುವುದು ತಾನೇ ಒಂದು ರೋಗವಲ್ಲ, ಒಳಗಿರುವ ರೋಗದ ಗುರುತು. ಮೂಲರೋಗಕ್ಕೆ ಸರಿಯಾದ ಔಷಧಿ ಬಿದ್ದರೆ ಮಜ್ಜೆ ಚೇತರಿಸಿಕೊಂಡು ಕೆಲವೇ ದಿನಗಳಲ್ಲಿ ಸಂಖ್ಯೆ ಏರತೊಡಗುತ್ತದೆ.

ಉಣ್ಣೆ ಜ್ವರ ಹೇಗೆ ಬರುತ್ತದೆ?

ಈ ರೋಗಕ್ಕೆ ಕಾರಣ ಥೈಲೇರಿಯಾ ಎಂಬ ಅತಿ ಸೂಕ್ಷ್ಮ ಪರೋಪಜೀವಿ. ಇದರಲ್ಲಿ ತೀವ್ರ ಸ್ವರೂಪದ ರೋಗ ತರುವುದು ಥೈಲೇರಿಯಾ ಆನ್ಯುಲೇಟ. ಹಯಲೋಮ ಜಾತಿಯ ಉಣ್ಣೆಗಳು ಇದನ್ನು ಹರಡುತ್ತವೆ. ಇವು ಕಂದು ಬಣ್ಣದ ದಪ್ಪ ಉಣ್ಣೆಗಳು, ಕಾಲುಗಳ ಮೇಲೆ ತಿಳಿ ಬಣ್ಣದ ಪಟ್ಟೆಗಳಿರುತ್ತವೆ. ಕೆಚ್ಚಲಿನ ಸುತ್ತ, ತೊಡೆಯ ಸಂದಿ, ಬಾಲದ ಬುಡ, ಕಿವಿ ಇವುಗಳ ನೆಚ್ಚಿನ ಜಾಗ. ಹಗಲು ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿರುವುದೂ ಉಂಟು.

ರೋಗವಿರುವ ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರಗಳೊಳಗೆ ಜ್ವರ ಬರುತ್ತದೆ. ಪರೋಪಜೀವಿಯು ಮೊದಲು ಬಿಳಿ ಕಣಗಳನ್ನು ಸೇರಿ, ಅವುಗಳೊಡನೆ ತಾನೂ ವೃದ್ಧಿಯಾಗುತ್ತದೆ. ಆಮೇಲೆ ಕೆಂಪು ಕಣಗಳನ್ನು ಸೇರುತ್ತದೆ. ಆದ್ದರಿಂದ ಮೊದಲು ಗ್ರಂಥಿಗಳು ಊದುತ್ತವೆ, ನಂತರ ರಕ್ತಹೀನತೆ ಕಾಣುತ್ತದೆ. ಪ್ಲೇಟ್‌ಲೆಟ್ ಇಳಿಯುವುದು ಈ ನಡುವೆಯೇ.

ನಮ್ಮ ನಾಟಿ ರಾಸುಗಳು ತಲೆತಲಾಂತರದಿಂದ ಉಣ್ಣೆಗಳ ನಡುವೆ ಬೆಳೆದುಬಂದಿರುವುದರಿಂದ ಈ ರೋಗವನ್ನು ಬಹಳಮಟ್ಟಿಗೆ ತಾಳಿಕೊಳ್ಳುತ್ತವೆ. ಎಚ್.ಎಫ್. ಮತ್ತು ಜೆರ್ಸಿ ಮಿಶ್ರತಳಿಗಳಿಗೆ ಆ ಶಕ್ತಿ ಕಡಿಮೆ. ಬೇರೆ ಊರಿನಿಂದ ಕೊಂಡು ತಂದ ಹಸು, ಹೊಸದಾಗಿ ಕರು ಹಾಕಿದ ಹಸು ಮತ್ತು ಎಳೆಗರುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಉಣ್ಣೆ ಹೆಚ್ಚಾಗುವುದರಿಂದ ರೋಗವೂ ಹೆಚ್ಚು.

ದಿನದಿನಕ್ಕೆ ಏನಾಗುತ್ತದೆ?

ದಿನಕ್ಕೆ 14 ಲೀಟರ್ ಕೊಡುವ, ಎರಡನೆಯ ಸೂಲಿನ ಮಿಶ್ರತಳಿ ಹಸುವೊಂದಿದೆ ಎಂದಿಟ್ಟುಕೊಳ್ಳಿ.

ಮೊದಲ ದಿನ: ಸಂಜೆ ಹಾಲು ಎರಡು ಲೀಟರ್ ಕಡಿಮೆ. ಹಿಂಡಿ ಅರ್ಧ ಬಿಟ್ಟಿದೆ. ಮುಟ್ಟಿದರೆ ಕಿವಿಯ ಬುಡ ಬಿಸಿ. ಹಸುವಿನ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಈಗ ಅಳೆದರೆ 105 ಅಥವಾ 106 ಇರುತ್ತದೆ.

ಎರಡು, ಮೂರನೆಯ ದಿನ: ಜ್ವರದ ಇಂಜೆಕ್ಷನ್ ಹಾಕಿದರೆ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಭುಜದ ಮುಂದೆ ಮತ್ತು ಹಿಂದೊಡೆಯ ಮುಂದಿನ ಮಡಿಕೆಯಲ್ಲಿ ಗ್ರಂಥಿಗಳು ಊದಿ ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ಅದಕ್ಕಿಂತ ದೊಡ್ಡದಾಗಿ ಕೈಗೆ ಸಿಗುತ್ತವೆ. ಕಣ್ಣು, ಮೂಗಿನಲ್ಲಿ ನೀರು. ಮೆಲುಕು ನಿಂತಿದೆ. ಹಾಲು ಅರ್ಧಕ್ಕೆ ಇಳಿದಿದೆ.

ನಾಲ್ಕು, ಐದನೆಯ ದಿನ: ಉಸಿರಾಟ ಜೋರು, ಕೆಮ್ಮು. ಕಣ್ಣಿನ ಒಳರೆಪ್ಪೆ, ವಸಡು ಬಿಳಿಚಿಕೊಳ್ಳುತ್ತವೆ. ಅವುಗಳ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಉಣ್ಣೆ ಕಿತ್ತ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ.

ಆರನೆಯ ದಿನದ ನಂತರ: ಸಗಣಿ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುತ್ತದೆ. ನಾಲ್ಕನೆಯ ಹೊಟ್ಟೆಯಲ್ಲಿ ಹುಣ್ಣಾಗಿ ಅಲ್ಲಿ ರಕ್ತ ಸೋರುತ್ತಿರುವುದರ ಲಕ್ಷಣ ಇದು. ಹಸು ಮಲಗಿದರೆ ಏಳುವುದಿಲ್ಲ. ಈ ಹಂತದಲ್ಲಿ ಔಷಧಿ ಹಾಕಿದರೂ ಉಳಿಯುವ ಭರವಸೆ ಕಡಿಮೆ.

ಎಲ್ಲ ಹಸುಗಳಲ್ಲಿಯೂ ಇದೇ ಕ್ರಮ, ಇದೇ ದಿನ ಎಂದು ಹೇಳಲಾಗದು. ಎಳೆಗರುಗಳಲ್ಲಿ ಕಣ್ಣುಗುಡ್ಡೆ ಊದಿ ಹೊರಗೆ ಬಂದಂತೆ ಕಾಣುವುದೂ ಉಂಟು. ಆದರೆ ಒಂದು ಮಾತು ಖಚಿತ: ಔಷಧಿಗೆ ಸರಿಯಾದ ಕಾಲ ಮೊದಲ ಎರಡು ಮೂರು ದಿನಗಳು.

ರಕ್ತದ ಗುರುತನ್ನು ಎಲ್ಲಿ ನೋಡಬೇಕು?

ಜ್ವರ ಬಂದ ಹಸುವನ್ನು ಬೆಳಕಿಗೆ ತಂದು ಬೆಳಗ್ಗೆ, ಸಂಜೆ ಹಾಲು ಕರೆಯುವ ಮೊದಲು ಈ ಜಾಗಗಳನ್ನು ನೋಡಿರಿ:

• ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಒಳಭಾಗ.
• ಮೇಲ್ದುಟಿ ಎತ್ತಿ ವಸಡು, ಮತ್ತು ನಾಲಗೆಯ ಅಡಿ.
• ಬಾಲ ಎತ್ತಿ ಅದರ ಅಡಿಯ ಕೂದಲಿಲ್ಲದ ಚರ್ಮ.
• ಯೋನಿಯ ತುಟಿಗಳನ್ನು ಬಿಡಿಸಿ ಒಳಭಾಗ.
• ಕೆಚ್ಚಲಿನ ಹಿಂಭಾಗದ ತೆಳು ಚರ್ಮ.

ಇಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ, ಸೂಜಿಮೊನೆ ತಾಗಿಸಿದಂತಹ ಕೆಂಪು ಚುಕ್ಕೆಗಳಿವೆಯೇ ಎಂದು ಗಮನಿಸಿರಿ. ಕಂಡರೆ ಬೆರಳಿನಿಂದ ಒತ್ತಿ ಬಿಡಿರಿ. ನೊಣ ಕಚ್ಚಿದ ಕೆಂಪಾದರೆ ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾಗುತ್ತದೆ. ಚರ್ಮದಡಿ ರಕ್ತ ಸೋರಿದ ಚುಕ್ಕೆಯಾದರೆ ಒತ್ತಿದರೂ ಬಣ್ಣ ಹೋಗುವುದಿಲ್ಲ. ಇಂತಹ ಚುಕ್ಕೆಗಳು, ಇಂಜೆಕ್ಷನ್ ಹಾಕಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂಗಿನಲ್ಲಿ ರಕ್ತ, ಕಪ್ಪು ಸಗಣಿ, ಈ ನಾಲ್ಕರಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯದೆ ಪಶುವೈದ್ಯರನ್ನು ಕರೆಸತಕ್ಕದ್ದು. ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ತುರ್ತು ಪಶುವೈದ್ಯಕೀಯ ಸೇವೆಗೆ ತಿಳಿಸಬಹುದು; ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಉಚಿತವಾಗಿ ದೂರವಾಣಿ ಮಾಡಬಹುದು.

ಮೊದಲು ರಕ್ತ ಪರೀಕ್ಷೆ, ಆಮೇಲೆ ಔಷಧಿ

ಇದು ಈ ಲೇಖನದ ಮುಖ್ಯ ಮಾತು. ಉಣ್ಣೆಯಿಂದ ಬರುವ ಜ್ವರ ಒಂದೇ ಅಲ್ಲ. ಥೈಲೇರಿಯಾಕ್ಕೆ ಒಂದು ಔಷಧಿ, ಬಬೇಸಿಯಾಕ್ಕೆ ಇನ್ನೊಂದು, ಅನಾಪ್ಲಾಸ್ಮಾಕ್ಕೆ ಮತ್ತೊಂದು. ಒಂದರ ಔಷಧಿ ಇನ್ನೊಂದಕ್ಕೆ ಸಾಲದು. ಸಿಕ್ಕಿದ ಇಂಜೆಕ್ಷನ್ನು ಹಾಕಿಸಿದ ಮೇಲೆ ರಕ್ತ ತೆಗೆದರೆ ಕೆಲವೊಮ್ಮೆ ರೋಗಾಣು ಕಾಣಸಿಗದೆ ರೋಗ ಯಾವುದೆಂದು ತಿಳಿಯುವುದೇ ಕಷ್ಟವಾಗುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಪಶುವೈದ್ಯರು ಕಿವಿಯ ತುದಿಯ ನರವನ್ನು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗದ ಆರಂಭದಲ್ಲಿ ಊದಿದ ಗ್ರಂಥಿಯಿಂದಲೂ ಸೂಜಿಯಲ್ಲಿ ದ್ರವ ತೆಗೆದು ನೋಡಬೇಕಾಗಬಹುದು. ಕೆಂಪು ಕಣದೊಳಗೆ ಯಾವ ಪರೋಪಜೀವಿ ಇದೆ, ಪ್ಲೇಟ್‌ಲೆಟ್ ಸಾಕಷ್ಟಿವೆಯೇ ಎಂಬುದು ಒಂದೇ ಪಟ್ಟಿಯಲ್ಲಿ ತಿಳಿಯುತ್ತದೆ.

ಎಣಿಕೆಗಾಗಿ ರಕ್ತವನ್ನು ನೀವೇ ಪ್ರಯೋಗಾಲಯಕ್ಕೆ ಒಯ್ಯಬೇಕಾಗಿ ಬಂದರೆ ಈ ವಿಷಯಗಳನ್ನು ಗಮನಿಸಿರಿ:

• ವೈದ್ಯರು ನೇರಳೆ ಮುಚ್ಚಳದ ಕೊಳವೆಯಲ್ಲಿ ತೆಗೆದುಕೊಟ್ಟ ರಕ್ತವನ್ನು ಏಳೆಂಟು ಬಾರಿ ಮೆಲ್ಲಗೆ ಮೇಲೆ ಕೆಳಗೆ ಮಾಡಿರಿ. ಕುಲುಕಬೇಡಿರಿ.
• ಬಿಸಿಲಿಗೆ, ಬೈಕಿನ ಸೀಟಿನಡಿಯ ಬಿಸಿಗೆ ಇಡಬೇಡಿರಿ. ತಂಪಾದ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿರಿ.
• ಕೊಳವೆಯಲ್ಲಿ ಗರಣೆ ಕಟ್ಟಿದ್ದರೆ ಆ ರಕ್ತ ಎಣಿಕೆಗೆ ಬಾರದು. ಪ್ಲೇಟ್‌ಲೆಟ್‌ಗಳು ಗರಣೆಯೊಳಗೆ ಸಿಕ್ಕಿಕೊಂಡು, ಇಲ್ಲದ ಕೊರತೆಯನ್ನು ತೋರಿಸುತ್ತವೆ.

ಪೇಟೆಯಲ್ಲಿ ಮನುಷ್ಯರ ರಕ್ತ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಸುವಿನ ರಕ್ತ ಕೊಟ್ಟು ಬಂದ ಚೀಟಿಯನ್ನು ನೋಡಿ ಗಾಬರಿಯಾಗಬೇಡಿರಿ. ಹಸುವಿನ ಕೆಂಪು ಕಣಗಳು ಮನುಷ್ಯರವಕ್ಕಿಂತ ಚಿಕ್ಕವು, ಪ್ಲೇಟ್‌ಲೆಟ್‌ಗಳೂ ಚಿಕ್ಕವು. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರ ಎಣಿಕೆಯಲ್ಲಿ ತಪ್ಪಬಹುದು. ಚೀಟಿಯಲ್ಲಿ ಅಚ್ಚಾದ ಸಹಜ ಪ್ರಮಾಣವೂ ಮನುಷ್ಯರದೇ. ಪಶು ಆಸ್ಪತ್ರೆಯ ಅಥವಾ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯದ ವರದಿಯನ್ನು ನಂಬುವುದು ಮೇಲು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಮತ್ತು ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಚಿಕಿತ್ಸೆ

ಥೈಲೇರಿಯಾ ರೋಗವೆಂದು ಖಚಿತವಾದರೆ ಬ್ಯುಪಾರ್ವಾಕ್ವೋನ್ ಎಂಬ ಔಷಧಿಯನ್ನು ಕುತ್ತಿಗೆಯ ಸ್ನಾಯುವಿಗೆ ಕೊಡಲಾಗುತ್ತದೆ. ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಎರಡೂವರೆ ಮಿಲಿಗ್ರಾಂ. ಶೇಕಡಾ 5ರ ದ್ರಾವಣವಾದರೆ 400 ಕಿಲೋ ತೂಕದ ಹಸುವಿಗೆ 20 ಮಿಲಿಲೀಟರ್ ಆಗುತ್ತದೆ. ಈ ಔಷಧಿಗೆ ಬೆಲೆ ಹೆಚ್ಚೆಂದು ‘ಅರ್ಧ ಹಾಕಿ ಸಾಕು, ನೋಡೋಣ’ ಎನ್ನುವ ಸದಸ್ಯರಿದ್ದಾರೆ. ಅರ್ಧ ಪ್ರಮಾಣದಿಂದ ರೋಗ ಪೂರ್ತಿ ಹತೋಟಿಗೆ ಬಾರದು. ಔಷಧಿಗೆ ಬಗ್ಗದ ರೋಗಾಣು ಊರಿನಲ್ಲಿ ಉಳಿದುಕೊಳ್ಳಲೂ ಅದು ದಾರಿ. ತೂಕ ಅಂದಾಜು ಮಾಡಿ ಪೂರ್ತಿ ಪ್ರಮಾಣ ನಿರ್ಧರಿಸುವುದು ವೈದ್ಯರ ಕೆಲಸ. ಅದಕ್ಕೆ ಅಡ್ಡಿ ಬರಬೇಡಿರಿ.

ರಕ್ತಹೀನತೆ ಮತ್ತು ರಕ್ತಸ್ರಾವ ಹೆಚ್ಚಾಗಿದ್ದರೆ ವೈದ್ಯರು ಬೇರೊಂದು ಆರೋಗ್ಯವಂತ ರಾಸಿನಿಂದ ರಕ್ತ ತೆಗೆದು ಕೊಡುವ ತೀರ್ಮಾನ ಮಾಡಬಹುದು. ಅಂತಹ ಸಂದರ್ಭದಲ್ಲಿ ನಿಮ್ಮದೇ ಇನ್ನೊಂದು ಹಸುವಾಗಲಿ, ನೆರೆಯವರ ಎತ್ತಾಗಲಿ ದಾನಿಯಾಗಬಹುದು. ಸರಿಯಾದ ಪ್ರಮಾಣದಲ್ಲಿ ತೆಗೆದರೆ ದಾನಿ ರಾಸಿಗೆ ತೊಂದರೆಯಿಲ್ಲ. ಹೆದರಿ ನಿರಾಕರಿಸಬೇಡಿರಿ.

ಆರೈಕೆಯ ಪಾಲು ನಿಮ್ಮದು. ನೆರಳು, ಗಾಳಿ, ಮೆತ್ತನೆಯ ಹಾಸು, ಸದಾ ಎದುರಿಗೆ ಶುದ್ಧ ನೀರು, ಎಳೆಯ ಹಸಿಮೇವು ಇರಲಿ. ನೆಲ ಜಾರದಂತೆ ನೋಡಿಕೊಳ್ಳಿರಿ. ಬಿದ್ದು ಪೆಟ್ಟಾದರೆ ಒಳಗೆ ರಕ್ತ ಸೋರೀತು. ಪ್ಲೇಟ್‌ಲೆಟ್ ಬೇಗ ಏರಿದರೂ ಕೆಂಪು ಕಣಗಳು ಮೊದಲಿನ ಮಟ್ಟಕ್ಕೆ ಬರಲು ವಾರಗಳು ಬೇಕು. ಅದುವರೆಗೆ ದೂರ ನಡೆಸಬಾರದು, ಮಾರಾಟದ ಸಂತೆಗೆ ಒಯ್ಯಬಾರದು.

ಹಾಲಿನ ಬಗ್ಗೆ ಒಂದು ಮಾತು. ಔಷಧಿ ಕೊಟ್ಟ ಹಸುವಿನ ಹಾಲನ್ನು ಬಾಟಲಿಯ ಚೀಟಿಯಲ್ಲಿ ಹೇಳಿದಷ್ಟು ದಿನ, ವೈದ್ಯರು ಸೂಚಿಸುವವರೆಗೆ, ಸಂಘಕ್ಕೆ ಹಾಕಬಾರದು. ಒಂದು ಹಸುವಿನ ಔಷಧಿ ಅಂಶ ಇಡೀ ಕ್ಯಾನಿಗೆ, ಕ್ಯಾನಿನಿಂದ ಇಡೀ ಟ್ಯಾಂಕರಿಗೆ ಸೇರುತ್ತದೆ.

ಮಾಡಬಾರದ ಕೆಲಸಗಳು

1. ಒಬ್ಬರಾದ ಮೇಲೆ ಒಬ್ಬರನ್ನು ಕರೆಸಿ ದಿನಕ್ಕೆ ನಾಲ್ಕಾರು ಇಂಜೆಕ್ಷನ್ ಹಾಕಿಸಬೇಡಿರಿ. ಪ್ಲೇಟ್‌ಲೆಟ್ ಇಳಿದ ಹಸುವಿನ ಸ್ನಾಯುವಿನಲ್ಲಿ ಪ್ರತಿ ಸೂಜಿಯೂ ಒಂದು ರಕ್ತದ ಗಡ್ಡೆಗೆ ಕಾರಣವಾಗಬಹುದು.

2. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಜ್ವರ, ನೋವಿನ ಇಂಜೆಕ್ಷನ್ ಹಾಕಬೇಡಿರಿ. ಇವುಗಳಲ್ಲಿ ಹಲವು ಹೊಟ್ಟೆಯ ಹುಣ್ಣನ್ನು ಹೆಚ್ಚಿಸುತ್ತವೆ, ಕೆಲವು ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕುಂದಿಸುತ್ತವೆ. ಡೈಕ್ಲೋಫೆನಾಕ್ ಅನ್ನು ಪಶುಗಳಿಗೆ ಬಳಸುವುದು 2006ರಿಂದಲೇ ನಿಷೇಧವಾಗಿದೆ. ಡೆಕ್ಸಾಮೆಥಸೋನ್‌ನಂತಹ ಸ್ಟೀರಾಯ್ಡ್ ಔಷಧಿಯನ್ನು ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕುವ ಭಯವಿದೆ.

3. ಊದಿದ ಗ್ರಂಥಿಗೆ ಬರೆ ಹಾಕುವುದು, ಕೀವಿನ ಗಡ್ಡೆಯೆಂದು ತಿಳಿದು ಕೊಯ್ಯುವುದು ಪ್ರಾಣಕ್ಕೇ ಅಪಾಯ. ಕೊಯ್ದ ಜಾಗದ ರಕ್ತ ನಿಲ್ಲದೆ ಹೋಗಬಹುದು.

4. ಏದುಸಿರು ಬಿಡುವ ಹಸುವಿಗೆ ಗೊಟ್ಟದಲ್ಲಿ ಕಷಾಯ, ಗಂಜಿ ಬಲವಂತವಾಗಿ ಹುಯ್ಯಬೇಡಿರಿ. ಅದು ಶ್ವಾಸಕೋಶಕ್ಕೆ ಹೋದರೆ ಜ್ವರಕ್ಕಿಂತ ಮೊದಲು ಅದೇ ಹಸುವನ್ನು ಕೊಲ್ಲುತ್ತದೆ.

5. ಕೊಂಬು ಸುಡುವುದು, ಬೀಜ ಒಡೆಯುವುದು, ಮೂಗುದಾರ ಪೋಣಿಸುವುದು ಮುಂತಾದ ಕೆಲಸಗಳನ್ನು ರಾಸು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮುಂದೂಡಿರಿ.

6. ಒಂದು ಹಸುವಿಗೆ ಬಳಸಿದ ಸೂಜಿಯನ್ನು ಇನ್ನೊಂದಕ್ಕೆ ಬಳಸಲು ಬಿಡಬೇಡಿರಿ. ಅನಾಪ್ಲಾಸ್ಮಾ ರೋಗ ಸೂಜಿಯಿಂದಲೂ ಹರಡುತ್ತದೆ.

ಹೋಲುವ ಇತರ ರೋಗಗಳು

ಬಬೇಸಿಯಾದಲ್ಲಿ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅನಾಪ್ಲಾಸ್ಮಾದಲ್ಲಿ ಗಂಜಲ ಕೆಂಪಾಗದು. ಹಸು ಬಿಳಿಚಿಕೊಂಡು, ಕಣ್ಣು ಹಳದಿಯಾಗಿ, ಸಗಣಿ ಗಟ್ಟಿಯಾಗುತ್ತದೆ. ಗಳಲೆ ರೋಗದಲ್ಲಿ ಗಂಟಲು ಊದಿ ಗೊರಗೊರ ಶಬ್ದದೊಡನೆ ಒಂದೆರಡು ದಿನದಲ್ಲೇ ಸಾವು ಬರಬಹುದು. ಇದಕ್ಕೆ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ನೆರಡಿ ರೋಗದ್ದು. ಚೆನ್ನಾಗಿದ್ದ ರಾಸು ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಗರಣೆ ಕಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ‘ಪ್ಲೇಟ್‌ಲೆಟ್ ಇಳಿದು ಸತ್ತಿತು’ ಎಂದು ತಿಳಿಯಬೇಡಿರಿ. ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಬಳಸಬಾರದು. ಈ ರೋಗ ಮನುಷ್ಯರಿಗೂ ಬರುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರ ಎದುರಿನಲ್ಲಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ತಡೆಯುವ ಬಗೆ

ಥೈಲೇರಿಯಾ ರೋಗಾಣು ಉಣ್ಣೆ ಕಚ್ಚಿದ ಕೂಡಲೇ ಹಸುವಿಗೆ ಬರುವುದಿಲ್ಲ. ಉಣ್ಣೆ ಎರಡು ಮೂರು ದಿನ ಕಚ್ಚಿಕೊಂಡು ರಕ್ತ ಹೀರಿದ ಮೇಲೆ ಅದರ ಜೊಲ್ಲಿನಲ್ಲಿ ರೋಗಾಣು ಪಕ್ವವಾಗಿ ಹೊರಬರುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಮೈ ತಿಕ್ಕುವಾಗ ಕೆಚ್ಚಲು, ತೊಡೆಸಂದಿ, ಬಾಲದ ಬುಡ, ಕಿವಿಗಳನ್ನು ತಡವಿ ಉಣ್ಣೆ ತೆಗೆಯುವ ಹತ್ತು ನಿಮಿಷದ ಕೆಲಸ ಸಾವಿರಾರು ರೂಪಾಯಿ ಉಳಿಸುತ್ತದೆ. ಕಿತ್ತ ಉಣ್ಣೆಯನ್ನು ಉಗುರಿನಲ್ಲಿ ಕುಕ್ಕಬೇಡಿರಿ. ಸೀಮೆಎಣ್ಣೆ ಅಥವಾ ಸೋಪಿನ ನೀರಿನ ಡಬ್ಬಿಗೆ ಹಾಕಿರಿ.

ಉಣ್ಣೆ ಔಷಧಿಯನ್ನು ಹಸುವಿನ ಮೈಗೆ ಮಾತ್ರ ಸಿಂಪಡಿಸಿದರೆ ಅರ್ಧ ಕೆಲಸ. ಗೋಡೆಯ ಬಿರುಕು, ಗೋದಲಿಯ ಸಂದಿಗಳಿಗೂ ಅದೇ ದಿನ ಸಿಂಪಡಿಸಿ, ಹದಿನೈದು ದಿನಕ್ಕೆ ಮತ್ತೊಮ್ಮೆ ಮಾಡಬೇಕು. ಬಿರುಕುಗಳನ್ನು ಮಣ್ಣು, ಸಿಮೆಂಟಿನಿಂದ ಮುಚ್ಚಿರಿ. ಬಾಟಲಿಯ ಮೇಲೆ ಬರೆದಷ್ಟೇ ನೀರು ಬೆರೆಸಿರಿ. ಮೇವು, ನೀರಿಗೆ ಬೀಳದಂತೆ, ನಿಮ್ಮ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಿಂಪಡಿಸಿರಿ. ಐವರ್ಮೆಕ್ಟಿನ್ ಇಂಜೆಕ್ಷನ್ನಿನ ಅಂಶ ಬಹಳ ದಿನ ಹಾಲಿನಲ್ಲಿ ಬರುವುದರಿಂದ ಕರೆಯುವ ಹಸುಗಳಿಗೆ ಅದು ಸಲ್ಲದು. ಹೊಸದಾಗಿ ಕೊಂಡ ಹಸುವನ್ನು ಉಣ್ಣೆ ತೆಗೆದು ಮೂರು ವಾರ ಬೇರೆ ಕಟ್ಟಿ, ದಿನವೂ ಜ್ವರ ನೋಡಿರಿ.

ಥೈಲೇರಿಯಾಕ್ಕೆ ಲಸಿಕೆಯೂ ಉಂಟು. ಮಿಶ್ರತಳಿ ಮತ್ತು ವಿದೇಶಿ ತಳಿಯ ರಾಸುಗಳಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕುವ ಈ ಲಸಿಕೆಯನ್ನು ವೀರ್ಯನಳಿಕೆಗಳಂತೆಯೇ ದ್ರವ ಸಾರಜನಕದಲ್ಲಿ ಇಡಬೇಕಾಗುತ್ತದೆ. ನಿಮ್ಮ ಭಾಗಕ್ಕೆ ಅದರ ಅಗತ್ಯವಿದೆಯೇ ಎಂದು ಪಶುವೈದ್ಯರಲ್ಲಿ ವಿಚಾರಿಸಿರಿ.

ಮನೆಯವರ ಆರೋಗ್ಯ

ಹಸುವಿನ ಪ್ಲೇಟ್‌ಲೆಟ್ ನೋಡುವಾಗ ಮನೆಯವರದನ್ನು ಮರೆಯಬಾರದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಸೊಳ್ಳೆಯಾಗುತ್ತದೆ. ಕೊಟ್ಟಿಗೆಯ ನೀರಿನ ತೊಟ್ಟಿ, ಬಿಸಾಡಿದ ಟೈರು, ಹಳೆಯ ಬಕೆಟ್ ಇವೇ ಅದರ ತವರು. ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ತುಂಬಿರಿ. ಡೆಂಗ್ಯೂ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ನುಂಗಬಾರದು. ಜ್ವರ ಬಿಡುವ ಹೊತ್ತಿಗೇ ಅಪಾಯ ಹೆಚ್ಚು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಲೆನಾಡಿನ ಸದಸ್ಯರಿಗೆ ಇನ್ನೊಂದು ಮಾತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಮನುಷ್ಯರ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗಬಹುದು. ಇದನ್ನು ಹರಡುವುದೂ ಉಣ್ಣೆಯೇ, ನಿಮ್ಮಲ್ಲಿ ಉಣುಗು ಎನ್ನುವಿರಿ. ಈ ವೈರಸ್ಸಿನಿಂದ ದನಗಳಿಗೆ ಕಾಯಿಲೆ ಬಾರದು. ಆದರೆ ಕಾಡಿನಲ್ಲಿ ಮೇಯುವ ದನಗಳ ರಕ್ತ ಕುಡಿದು ಉಣುಗು ವೃದ್ಧಿಯಾಗುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡಿನ ತರಗೆಲೆಯನ್ನು ಕೊಟ್ಟಿಗೆಗೆ ತರುವಾಗ, ದನ ಕಾಯುವಾಗ ಮೈಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿರಿ. ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಉಣ್ಣೆ ಜ್ವರದ ಹಸುವಿನ ಹಾಲು ಕುಡಿದರೆ ನಮಗೆ ಈ ರೋಗ ಬರುವುದೇ?
ಉತ್ತರ: ಇಲ್ಲ. ಥೈಲೇರಿಯಾ ಆನ್ಯುಲೇಟ ಮನುಷ್ಯರಿಗೆ ಬರುವ ರೋಗವಲ್ಲ. ಆದರೆ ಔಷಧಿಯ ಅಂಶವಿರುವ ಹಾಲನ್ನು ಬಳಸಬಾರದು. ಯಾವ ಹಾಲನ್ನೇ ಆಗಲಿ ಕಾಯಿಸಿಯೇ ಕುಡಿಯಬೇಕು.

ಪ್ರಶ್ನೆ: ಡೆಂಗ್ಯೂ ಬಂದವರಿಗೆ ಕೊಡುವಂತೆ ಹಸುವಿಗೂ ಪಪ್ಪಾಯ ಎಲೆಯ ರಸ ಕುಡಿಸಬಹುದೇ?
ಉತ್ತರ: ಅದರಿಂದ ಥೈಲೇರಿಯಾ ಸಾಯುವುದಿಲ್ಲ. ರಸದ ಮೇಲೆ ಭರವಸೆಯಿಟ್ಟು ಎರಡು ದಿನ ಕಳೆದರೆ ಔಷಧಿ ಹಾಕುವ ಸಕಾಲವೇ ಮೀರುತ್ತದೆ.

ಪ್ರಶ್ನೆ: ಒಮ್ಮೆ ಗುಣವಾದ ಹಸುವಿಗೆ ಮತ್ತೆ ಬರುವುದೇ?
ಉತ್ತರ: ಗುಣವಾದ ಹಸುವಿಗೆ ಸಾಕಷ್ಟು ನಿರೋಧಶಕ್ತಿ ಬರುತ್ತದೆ. ಆದರೆ ಅದರ ರಕ್ತದಲ್ಲಿ ಸ್ವಲ್ಪ ರೋಗಾಣು ಉಳಿದಿರುತ್ತದೆ. ಅದನ್ನು ಕಚ್ಚಿದ ಎಳೆಯ ಉಣ್ಣೆ ಬೆಳೆದು ಪಕ್ಕದ ಹಸುವಿಗೆ ರೋಗ ತರಬಹುದು. ಆದ್ದರಿಂದ ಗುಣವಾದ ಮೇಲೂ ಉಣ್ಣೆ ನಿಯಂತ್ರಣ ಬಿಡಬಾರದು.

ನೆನಪಿಡಬೇಕಾದದ್ದು

ಜ್ವರ ಬಂದ ಹಸುವಿನ ಉಷ್ಣತೆ ಅಳೆಯಿರಿ. ಗ್ರಂಥಿ ತಡವಿ ನೋಡಿರಿ. ಕಣ್ಣು, ವಸಡು, ಬಾಲದಡಿ ಕೆಂಪು ಚುಕ್ಕೆ ಹುಡುಕಿರಿ. ಸೂಜಿ ಹಾಕಿಸುವ ಮೊದಲು ಒಂದು ಹನಿ ರಕ್ತ ಪರೀಕ್ಷೆಗೆ ಹೋಗಲಿ. ಪ್ಲೇಟ್‌ಲೆಟ್ ಸಂಖ್ಯೆಯ ಹಿಂದೆ ಓಡದೆ ಅದನ್ನು ಇಳಿಸಿದ ರೋಗಕ್ಕೆ ಪೂರ್ತಿ ಪ್ರಮಾಣದ ಔಷಧಿ ಕೊಡಿಸಿರಿ. ಪ್ರತಿ ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಂಡು, ಹಾಲು ಕರೆಯುವಾಗ ದಿನಕ್ಕೊಮ್ಮೆ ಉಣ್ಣೆ ತಡವುವ ಅಭ್ಯಾಸ ಮಾಡಿಕೊಂಡರೆ ಈ ರೋಗದಿಂದಾಗುವ ನಷ್ಟದ ಬಹುಪಾಲನ್ನು ತಡೆಯಬಹುದು. ಈ ಪುಟವನ್ನು ಓದಿದ ಮೇಲೆ ಪತ್ರಿಕೆ ಬಾರದ ನೆರೆಯ ಸದಸ್ಯರಿಗೂ, ಮುಖ್ಯವಾಗಿ ದಿನವೂ ಹಸುವಿನ ಬಳಿ ಇರುವ ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಬೇಕಾಗಿ ಕೋರಿಕೆ.

– ಪಶುವೈದ್ಯಕೀಯ ವಿಸ್ತರಣಾಧಿಕಾರಿ